ಒಬ್ಬನೇ ಸಾಕ್ಷಿ

ಫೋನು ಇಟ್ಟ ಮೇಲೂ ಅವಳ ಕೈಯಲ್ಲಿದ್ದ ಬಟ್ಟೆ ಅದೇ ಗಾಜನ್ನು ಒರೆಸುತ್ತಲೇ ಇತ್ತು. ಕಪಾಟಿನಲ್ಲಿ ಸಾಲಾಗಿ ಜೋಡಿಸಿಟ್ಟ ಕನ್ನಡಕಗಳು. ಒಂದರ ಹಿಂದೆಯೂ ಕಣ್ಣಿಲ್ಲ, ಆದರೂ ಎಲ್ಲವೂ ತನ್ನನ್ನೇ ನೋಡುತ್ತಿವೆ ಅನ್ನಿಸಿ ಅವಳು ಕಪಾಟಿಗೆ ಬೆನ್ನು ಹಾಕಿದಳು. "ಒಬ್ಬರನ್ನ ನಿಮ್ಮ ಅಂಗಡಿಗೆ ಕಳಿಸ್ತಾ ಇದ್ದೀನಮ್ಮ" ಅಂದಿದ್ದರು ಸಭಾಪಾಲಕರು. "ಯಾರು ಅಂತ ನಿಮಗೆ ಗೊತ್ತಿದೆ. ಭಾನುವಾರ ಅವರು ಸಭೆ ಮುಂದೆ ವಾಕ್ಯ ಓದಬೇಕು, ತಾವು ಹೇಗೆ ಬದಲಾದ್ರು ಅಂತ ಸಾಕ್ಷಿ ಹೇಳಬೇಕು. ಹತ್ತಿರದ್ದು ಕಾಣಲ್ಲ ಅಂತಾರೆ. ಬೇರೆ ಕಡೆ ಕಳಿಸಬಹುದಿತ್ತು. ಆದರೆ ಪ್ರಾರ್ಥನೆಗೆ ಕೂತಾಗ ನಿಮ್ಮ ಮುಖವೇ ಎದುರಿಗೆ ಬಂತು." ಅವಳು "ಆಗಲಿ ಅಯ್ಯನವರೇ" ಅಂದಳು. ಅಷ್ಟೇ ಅಂದದ್ದು. ಎದುರಿಗೆ ಬರುವ ಮುಂಚೆ ಆ ಮುಖ ತನ್ನನ್ನು ಒಂದು ಮಾತು ಕೇಳಬಾರದಿತ್ತೇ ಎಂದು ಈಗ ಅನ್ನಿಸುತ್ತಿತ್ತು. ತಕ್ಕ ಉತ್ತರ ಅವಳಿಗೆ ಯಾವಾಗಲೂ ಹೀಗೆ, ಫೋನು ಇಟ್ಟ ಮೇಲೆ ಹೊಳೆಯುವುದು. ಹೋದ ಭಾನುವಾರವೂ ಹಾಗೇ ಆಯಿತಲ್ಲ. ಜೈಲಿನಲ್ಲೇ ದೀಕ್ಷಾಸ್ನಾನ ಪಡೆದ ಒಬ್ಬ ಮನುಷ್ಯ ಶಿಕ್ಷೆ ಮುಗಿಸಿ ಬಂದಿದ್ದಾನೆ, ಸಭೆ ಅವನನ್ನು ಸೇರಿಸಿಕೊಳ್ಳಲಿದೆ ಎಂದು ವೇದಿಕೆಯಿಂದ ಹೇಳಿದ ಸಭಾಪಾಲಕರು, ತುಸು ತಡೆದು, ದನಿ ಇಳಿಸಿ, "ಅವನಿಂದ ನೊಂದ ಕುಟುಂಬ ನಮ್ಮ ನಡುವೆಯೇ ಇದೆ. ಅವರೂ ಕ್ಷಮಿಸಿದ್ದಾರೆ" ಅಂದುಬಿಟ್ಟರು. ಇಡೀ ಚರ್ಚು ಕತ್ತು ತಿರುಗಿಸದೆಯೇ ಅವಳ ಕಡೆ ತಿರುಗಿತು. ಹೊರಗೆ ಮೆಟ್ಟಿಲ ಮೇಲೆ ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಕೈ ಹಿಡಿದರು. "ನಿಮ್ಮದು ದೊಡ್ಡ ಮನಸ್ಸು ಕಣ್ರೀ. ನಮ್ಮ ಕೈಲಿ ಆಗ್ತಿರಲಿಲ್ಲಪ್ಪ." ಅವಳು ನಕ್ಕಳು. ಯಾರದೋ ಕೊಡೆಯನ್ನು ತನ್ನದೆಂದು ಕೈಗಿತ್ತಾಗ ಸುಮ್ಮನೆ ಇಟ್ಟುಕೊಂಡ ಹಾಗೆ, ಆ ದೊಡ್ಡ ಮನಸ್ಸನ್ನು ಇಟ್ಟುಕೊಂಡು ಮನೆಗೆ ಬಂದಳು. ಆ ನಗು ನೆನಪಾದಾಗಲೆಲ್ಲ ಕೆನ್ನೆಯ ಒಳಗೆ ಏನೋ ಅಂಟಿಕೊಂಡಿದೆ ಅನ್ನಿಸಿ ನಾಲಗೆಯಿಂದ ತಡವಿ ನೋಡಿಕೊಳ್ಳುತ್ತಿದ್ದಳು.

ಅವಳ ತಮ್ಮ ಚರ್ಚಿಗೆ ಬರುತ್ತಿರಲಿಲ್ಲ. ಚಿಕ್ಕವನಿದ್ದಾಗ ಭಾನುವಾರದ ಪಾಠದಲ್ಲಿ, ದ್ರಾಕ್ಷಿತೋಟಕ್ಕೆ ಬೆಳಿಗ್ಗೆಯೇ ಬಂದ ಕೂಲಿಯವನಿಗೂ ಸಂಜೆ ಬಂದವನಿಗೂ ಯಜಮಾನ ಒಂದೇ ಕೂಲಿ ಕೊಟ್ಟ ಕತೆ ಕೇಳಿ, "ಹಾಗಾದ್ರೆ ನಾನು ಸಂಜೆಯೇ ಬರ್ತೀನಿ ಟೀಚರ್" ಎಂದು ಎದ್ದು ಹೊರಟಿದ್ದ. ಕಿವಿ ಹಿಂಡಿ ಕೂರಿಸಿದರು. ದೊಡ್ಡವನಾದ ಮೇಲೂ, ಭಾನುವಾರ ಬೆಳಿಗ್ಗೆ ಅಮ್ಮ ಬಾಗಿಲಲ್ಲಿ ನಿಂತು ಕರೆದಾಗ, ಹೊದಿಕೆಯ ಒಳಗಿಂದಲೇ, "ನಾನು ಸಂಜೆ ಕೂಲಿಯವನಮ್ಮ, ನೀವು ನಡೀರಿ" ಅನ್ನುತ್ತಿದ್ದ. ಅಮ್ಮ ಬೈಯುತ್ತಲೇ ನಗುತ್ತಿದ್ದಳು. ಅವನಿಗೆ ಸಂಜೆ ಆಗಲೇ ಇಲ್ಲ. ಅವನು ಕೆಲಸ ಮಾಡುತ್ತಿದ್ದ ಮುದ್ರಣಾಲಯದ ಗೇಟಿಗೆ ಅಡ್ಡಲಾಗಿ ಒಂದು ವ್ಯಾನು ನಿಂತಿತ್ತು, ಡ್ರೈವರು ಕುಡಿದಿದ್ದ, ತಮ್ಮ ಏನೋ ಒಂದು ತಮಾಷೆ ಬಿಟ್ಟ, ಸುತ್ತ ನಿಂತವರು ನಕ್ಕರು. ಡ್ರೈವರು ಸುಮ್ಮನೆ ವ್ಯಾನಿನ ಹಿಂದಕ್ಕೆ ಹೋಗಿ, ಚಕ್ರ ಬಿಚ್ಚುವ ಕಬ್ಬಿಣ ತಂದ. ನಕ್ಕವರೆಲ್ಲ ಓಡಿದರು. ನಡು ಮಧ್ಯಾಹ್ನ. ಒಬ್ಬನ ಸಂಜೆಯನ್ನು ಕಿತ್ತುಕೊಂಡವನಿಗೆ ದೇವರು ತೀರದಷ್ಟು ಉದ್ದದ ಸಂಜೆಯನ್ನು ಕೊಟ್ಟ: ಕೂತು ಅಳುವುದಕ್ಕೆ, ಓದುವುದಕ್ಕೆ, ಮಾನಸಾಂತರ ಪಡುವುದಕ್ಕೆ, ಮಂಡಿಯೂರಿ ನೀರಿನಲ್ಲಿ ಮುಳುಗಿ ಏಳುವುದಕ್ಕೆ. ಶಿಲುಬೆಯ ಮೇಲೆ ಕೊನೆಯ ಗಳಿಗೆಯಲ್ಲಿ ಬೇಡಿಕೊಂಡ ಕಳ್ಳನ ಬಗ್ಗೆ ಸಭಾಪಾಲಕರು ಎಷ್ಟು ಸಲ ಬೋಧಿಸಿಲ್ಲ. ಅವನು ಯಾರ ಮನೆ ಕದ್ದಿದ್ದನೋ ಆ ಮನೆಯವರು ಆ ಹೊತ್ತು ಎಲ್ಲಿದ್ದರು ಎಂದು ಯಾರೂ ಕೇಳಿದ್ದಿಲ್ಲ. ಗುಂಪಿನಲ್ಲೇ ಎಲ್ಲೋ ನಿಂತಿರಬೇಕು, ನೆರಳಿಗೆ ಕೈ ಹಣೆಗೆ ಹಿಡಿದು. ಕಳ್ಳನಿಗೆ ಸ್ವರ್ಗದ ಬಾಗಿಲು ತೆರೆದದ್ದು ಅವರಿಗೆ ಕೇಳಿಸಿರಬೇಕು.

ಆ ಡ್ರೈವರು ಅಂಗಡಿಗೆ ಬಂದದ್ದು ಗಿರಾಕಿಗಳಿಲ್ಲದ ಹೊತ್ತಿನಲ್ಲಿ. ಬಾಗಿಲ ಹೊರಗೆ ಕಾಲೊರೆಸಿನ ಮೇಲೆ ಬೂಟನ್ನು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಉಜ್ಜುತ್ತ ನಿಂತ. ಕತ್ತಿನವರೆಗೂ ಗುಂಡಿ ಹಾಕಿದ, ಇಸ್ತ್ರಿ ಮಾಡಿದ ಅಂಗಿ. ನ್ಯಾಯಾಲಯದಲ್ಲಿ ನೋಡಿದ್ದ ದಪ್ಪ ಕುತ್ತಿಗೆ ಈಗ ಅಂಗಿಯ ಕಾಲರಿನೊಳಗೆ ಸಡಿಲವಾಗಿ ನಿಂತಿತ್ತು. ಅವನು ಮುದುಕನಾಗಿದ್ದು ಅವಳಿಗೆ ಮೋಸ ಅನ್ನಿಸಿತು. ದ್ವೇಷಿಸುವುದಕ್ಕೆಂದು ಇಷ್ಟು ಕಾಲ ಜೋಪಾನ ಮಾಡಿದ್ದ ಆಳೇ ಬೇರೆ, ಬಂದು ನಿಂತವನೇ ಬೇರೆ. "ಬನ್ನಿ ಸಾರ್, ಬನ್ನಿ" ಅಂದ ಅಂಗಡಿಯ ಮಾಲೀಕ, ಎದ್ದು ಕುರ್ಚಿ ಎಳೆದು. "ನಮ್ಮ ಮೇಡಂ ಕೈಯಲ್ಲಿ ಒಂದು ಸಲ ನೋಡಿಸ್ಕೊಂಡ್ರೆ ಆಯ್ತು, ಇರುವೆ ಕಾಲಿನ ಕೂದಲೂ ಕಾಣುತ್ತೆ." ಬಂದವನು ನಗಬೇಕೋ ಬೇಡವೋ ಎಂದು ಅವಳ ಮುಖ ನೋಡಿದ. ಅವಳು ಒಳಕೋಣೆಯ ಪರದೆ ಸರಿಸಿ "ಈ ಕಡೆ" ಅಂದಳು. ದನಿ ಎಂದಿನ ಹಾಗೇ ಬಂತು. ತನ್ನ ದನಿ ತನ್ನನ್ನು ಬಿಟ್ಟು ಅಂಗಡಿಯ ಪಕ್ಷ ವಹಿಸಿದೆ ಅನ್ನಿಸಿತು.

ಪರೀಕ್ಷೆಯ ಕೋಣೆಯಲ್ಲಿ ದೀಪ ಆರಿಸಿದರೆ ಅಕ್ಷರದ ಹಲಗೆಯೊಂದೇ ಬೆಳಗುತ್ತದೆ. ಅವಳು ಪರೀಕ್ಷೆಯ ಚೌಕಟ್ಟನ್ನು ಅವನ ಮೂಗಿನ ಮೇಲಿಟ್ಟು, ಕಡ್ಡಿಗಳನ್ನು ಕಿವಿಯ ಹಿಂದೆ ಸಿಕ್ಕಿಸಿದಳು. ಕಿವಿ ಬೆಚ್ಚಗಿತ್ತು. ಅವನ ಕಿವಿ ಬೆಚ್ಚಗಿರುತ್ತದೆ ಎಂದು ಅವಳು ಯಾವತ್ತೂ ಯೋಚಿಸಿರಲಿಲ್ಲ. ಬೆರಳು ತಾನಾಗಿ ಹಿಂದಕ್ಕೆ ಬಂದು ಸೀರೆಗೆ ಒರೆಸಿಕೊಂಡಿತು. ಅವನು ಅದನ್ನು ನೋಡಿದ. ನೋಡಿಯೂ ನೋಡದವನ ಹಾಗೆ ಹಲಗೆಯ ಕಡೆ ತಿರುಗಿದ. ಗಾಜುಗಳನ್ನು ಒಂದೊಂದಾಗಿ ಹಾಕುತ್ತ ಹೋದಳು. "ಇದು ಚೆನ್ನಾಗಿ ಕಾಣುತ್ತಾ, ಇದಾ?" "ಮೊದಲಿನದು." "ಈಗ?" ಅವನು ಪರೀಕ್ಷೆ ಬರೆಯುವ ಹುಡುಗನಂತೆ ಮೈ ಬಿಗಿಹಿಡಿದು ಓದುತ್ತಿದ್ದ. ಒಂದು ಅಕ್ಷರ ತಪ್ಪಿ, "ಕ್ಷಮಿಸಿ" ಅಂದ. ಇಂಥ ಹೊತ್ತಿನಲ್ಲಿ ಎಲ್ಲರಿಗೂ ಅವಳು ಹೇಳುವ ಒಂದು ಮಾತಿದೆ: ತಪ್ಪಾದ್ರೆ ಪರವಾಗಿಲ್ಲ, ಕಂಡಷ್ಟು ಹೇಳಿ. ಇವತ್ತು ಅದನ್ನು ಹೇಳದೆ ಅವಳು ಮುಂದಿನ ಗಾಜಿಗೆ ಕೈ ಚಾಚಿದಳು. ಒಂದು ತಪ್ಪು ಗಾಜು ಹಾಕಿದರೆ ಸಾಕು ಎಂಬ ಯೋಚನೆ ಬಂತು. ಭಾನುವಾರ ಇಡೀ ಸಭೆಯ ಮುಂದೆ ಸಾಲುಗಳು ಒಂದರ ಮೇಲೊಂದು ಹತ್ತಿ, ಅವನು ತಡವರಿಸಿ, ತಲೆ ನೋವು ಬಂದು, ಎರಡು ಮಾತೂ ಓದಲಾರದೆ ಇಳಿದು ಹೋಗುವುದು ಕಣ್ಣಿಗೆ ಕಟ್ಟಿತು. ದೇವರಿಗೆ ಕೊಡಲಾಗದ ಶಿಕ್ಷೆ ತಾನು ಕೊಟ್ಟ ಹಾಗೆ. ಕೈ ಮಾತ್ರ ಸರಿಯಾದ ಗಾಜನ್ನೇ ಎತ್ತಿಕೊಂಡಿತು. ಆ ಕೈಯ ಮೇಲೆ ಅವಳಿಗೆ ಸಿಟ್ಟು ಬಂತು.

"ನೀವು ಯಾರು ಅಂತ ನನಗೆ ಗೊತ್ತಕ್ಕ" ಅಂದ ಅವನು, ಹಲಗೆಯನ್ನೇ ನೋಡುತ್ತ. "ಬರಬಾರದು ಅಂತ ಅಯ್ಯನವರಿಗೆ ಹೇಳಿದೆ. ಅವರು ಕೇಳಲಿಲ್ಲ."

"ಅಕ್ಕ ಅನ್ನಬೇಡಿ."

"ಇಲ್ಲ. ಅನ್ನಲ್ಲ."

ಪರದೆಯ ಆಚೆ ಮಾಲೀಕ ಯಾರಿಗೋ ಫೋನಿನಲ್ಲಿ ಜೋರಾಗಿ ನಗುತ್ತಿದ್ದ. ಅವಳು ಹೊಸ ಗಾಜೊಂದನ್ನು ಬೆರಳ ನಡುವೆ ಹಿಡಿದೇ ನಿಂತಳು. "ಕೋರ್ಟಲ್ಲಿ ಕೇಳಿದ್ರು. ಬಿದ್ದ ಮೇಲೆ ಅವನು ಏನಾದ್ರೂ ಮಾತಾಡಿದನಾ ಅಂತ. ನೀವು ನೆನಪಿಲ್ಲ ಅಂದಿರಿ."

"ವಕೀಲರು ಹಾಗೆ ಹೇಳು ಅಂದ್ರು."

"ಅಂದ್ರೆ ನೆನಪಿದೆ."

"ಇದೆ."

ಅಮ್ಮ ಇಷ್ಟು ವರ್ಷ ಕೇಳುತ್ತಿದ್ದದ್ದು ಇದೊಂದನ್ನೇ. ಪೊಲೀಸರನ್ನು ಕೇಳಿದ್ದಳು, ಆಸ್ಪತ್ರೆಯ ಡಾಕ್ಟರನ್ನು ಕೇಳಿದ್ದಳು, ಓಡಿಹೋಗಿ ತಿರುಗಿ ಬಂದ ಮುದ್ರಣಾಲಯದವರನ್ನು ಅವರ ಮನೆಗಳಿಗೇ ಹೋಗಿ ಕೇಳಿದ್ದಳು. ಎಲ್ಲರೂ ಬರುವ ಹೊತ್ತಿಗೆ ಅವನು ಮುಗಿದಿದ್ದ. ಅದಕ್ಕೂ ಮುಂಚಿನ ಆ ಸ್ವಲ್ಪ ಹೊತ್ತು, ಬಿಸಿಲಲ್ಲಿ, ಗೇಟಿನ ಮುಂದೆ ಇದ್ದವರು ಇಬ್ಬರೇ. ಅನ್ನಕ್ಕೆ ಕೈ ಇಟ್ಟಾಗ, ಬಟ್ಟೆ ಮಡಿಸುವಾಗ, ಯಾವುದೋ ಮಾತಿನ ನಡುವೆ ಅಮ್ಮ ತಟ್ಟನೆ ಕೇಳುತ್ತಿದ್ದಳು: "ಏನಾದ್ರೂ ಅಂದಿರ್ತಾನಾ ಅಂತೀಯಾ?" ಒಂದು ಹೆಸರು, ಅರ್ಧ ಹೆಸರು, ಒಂದು ಉಸಿರು. ಅಷ್ಟಾಗಿದ್ದರೆ ಸಾಕಿತ್ತು, ಕಳ್ಳನಿಗೆ ಅಷ್ಟೇ ಸಾಕಾಗಿತ್ತಲ್ಲ.

"ದೇವರ ಹೆಸರು ತಗೊಂಡನಾ?"

"ಇಲ್ಲ."

"ಮತ್ತೇನಂದ?"

"ಕೇಳಬೇಡಿ. ಒಳ್ಳೇ ಮಾತಲ್ಲ."

ಅವಳು ಗಾಜನ್ನು ಪೆಟ್ಟಿಗೆಯ ಗೂಡಿಗೆ ವಾಪಸು ಇಟ್ಟಳು. ಆಮೇಲೆ ಹೇಳಿದ ಮಾತು ಎಲ್ಲಿಂದ ಬಂತೋ ಅವಳಿಗೆ ಗೊತ್ತಾಗಲಿಲ್ಲ. ಯಾವಾಗಲೋ ಸಿದ್ಧವಾಗಿ ನಾಲಗೆಯ ಹಿಂದೆ ಕೂತಿದ್ದಂತಿತ್ತು. "ಸಂಜೆ ಅಂಗಡಿ ಮುಚ್ಚಿದ ಮೇಲೆ ನಮ್ಮ ಮನೆಗೆ ಬನ್ನಿ. ನಮ್ಮಮ್ಮನಿಗೆ ಹೇಳಿ. ಕೊನೆಗೆ ಅವನು ದೇವರನ್ನ ಕೂಗಿದ ಅಂತ."

"ಸುಳ್ಳು ಹೇಳೋದಾ?"

"ಕೋರ್ಟಲ್ಲಿ ಹೇಳಿದಿರಲ್ಲ."

"ಆಗ ನಾನು ಬೇರೆ ಮನುಷ್ಯ ಆಗಿದ್ದೆ."

"ನಮ್ಮಮ್ಮ ಆಗಲೂ ಅದೇ ಅಮ್ಮ, ಈಗಲೂ ಅದೇ ಅಮ್ಮ."

ಅವನು ಚೌಕಟ್ಟನ್ನು ಮೆಲ್ಲಗೆ ಕಳಚಿ, ಎರಡೂ ಕೈಯಲ್ಲಿ ಅವಳಿಗೆ ಕೊಟ್ಟ. ಬರಿಗಣ್ಣು ಒದ್ದೆಯಾಗಿರಲಿಲ್ಲ, ಹೆದರಿತ್ತು. "ಇನ್ನು ಸುಳ್ಳು ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ ಮೇಡಂ. ಕುಡಿಯಲ್ಲ, ಕೈ ಎತ್ತಲ್ಲ, ಸುಳ್ಳು ಹೇಳಲ್ಲ. ನನ್ನ ಹತ್ತಿರ ಇರೋದು ಅಷ್ಟೇ. ಅದನ್ನ ಮುರಿದ್ರೆ ನನಗೆ ಹೋಗೋಕೆ ಬೇರೆ ಜಾಗ ಇಲ್ಲ." ಅವಳು "ಯೋಚನೆ ಮಾಡಿ" ಅಂದಳು. ಹಾಗೆ ಅನ್ನುವಾಗ ತನ್ನೊಳಗೆ ಒಂದು ತಣ್ಣನೆಯ ಸುಖ ಎದ್ದದ್ದನ್ನು ಕಂಡು ಬೆಚ್ಚಿದಳು. ಇದು ಅಮ್ಮನಿಗಾಗಿಯೋ? ಅಥವಾ ಇವನ ಬಿಳಿ ಅಂಗಿಯ ಮೇಲೆ ಒಂದು ಕಲೆ ಬೀಳಲಿ, ಒಂದೇ ಒಂದು, ಯಾವ ನೀರಿಗೂ ಹೋಗದಂಥದ್ದು, ಅದೂ ತನ್ನ ಕೈಯಿಂದಲೇ ಬೀಳಲಿ ಎಂದೋ?

ಮಧ್ಯಾಹ್ನವೆಲ್ಲ ಅವಳು ಒಬ್ಬ ಅಜ್ಜಿಗೆ ಕಡ್ಡಿ ಸರಿಮಾಡಿಕೊಟ್ಟಳು, ಒಬ್ಬಳು ಹುಡುಗಿಗೆ ಈ ಚೌಕಟ್ಟು ಮುಖಕ್ಕೆ ಒಪ್ಪುತ್ತದೆ ಎಂದು ಹೇಳಿದಳು, ಒಪ್ಪುತ್ತಿರಲಿಲ್ಲ. ಸುಳ್ಳು ಎಷ್ಟು ಸಲೀಸಾಗಿ ಬಂತು. ಅವನು ಬರುವುದಿಲ್ಲ ಎಂದುಕೊಂಡಳು. ಬರದಿದ್ದರೆ ಅವನ ಮಾತು ಉಳಿಯಿತು, ಅವನ ರಕ್ಷಣೆ ಉಳಿಯಿತು, ಮುದುಕಿಯೊಬ್ಬಳ ನಿದ್ದೆಗಿಂತ ಅವನಿಗೆ ತನ್ನ ಜಾಗವೇ ಹೆಚ್ಚಾಯಿತು ಎಂದು ಸಭಾಪಾಲಕರ ಮುಖಕ್ಕೆ ಹೇಳಬಹುದಿತ್ತು. ಬಂದರೆ ಅವನು ಬಿದ್ದ. ಎರಡರಲ್ಲಿ ಯಾವುದಾದರೂ ತನಗೆ ಗೆಲುವೇ. ಹಾಗಿದ್ದೂ ಬಾಗಿಲಿನ ಗಾಜಿನಾಚೆ ಹೋಗಿಬರುವ ಬೂಟುಗಳನ್ನೇ ನೋಡುತ್ತ ಕೂತಳು. ಮಾಲೀಕ ಶಟರು ಎಳೆದಾಗ ಅವನು ಎದುರಿನ ಕಂಬದ ಬಳಿ ನಿಂತಿದ್ದ. ಯಾವಾಗಿನಿಂದ ನಿಂತಿದ್ದನೋ. ಅವಳು ಮಾತಾಡದೆ ನಡೆದಳು; ಅವನು ಒಂದು ಹೆಜ್ಜೆ ಹಿಂದೆ ಬಂದ. ತರಕಾರಿ ಅಂಗಡಿಯವಳು ಇಬ್ಬರನ್ನೂ ನೋಡಿ, ಯಾರೋ ನೆಂಟರಿರಬೇಕು ಎಂಬಂತೆ ಅವನಿಗೂ ಸೇರಿಸಿ ತಲೆಯಾಡಿಸಿದಳು. ಅವನೂ ತಲೆಬಾಗಿಸಿದ. ಆ ಚಿಕ್ಕ ಮರ್ಯಾದೆಗೆ ಅವಳಿಗೆ ಮೈ ಉರಿಯಿತು. ಮೆಟ್ಟಿಲ ತಿರುವಿನಲ್ಲಿ ಅವನು ಪಕ್ಕದ ಕಂಬಿ ಹಿಡಿದು ನಿಂತ.

"ಒಂದು ಸಲ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇದು ಬೇಕೇ ಬೇಕಾ?"

"ಬೇಕು" ಅಂದಳು.

ಅಮ್ಮ ಕಿಟಕಿಯ ಪಕ್ಕ ಕೂತು ಮೊರದಲ್ಲಿ ಬಟಾಣಿ ಸುಲಿಯುತ್ತಿದ್ದಳು. ಮಂಡಿಗೆ ಉಣ್ಣೆಯ ಬಟ್ಟೆ ಸುತ್ತಿತ್ತು. ತಲೆ ಎತ್ತಿ ಮಗಳನ್ನು ನೋಡಿ, ಅವಳ ಹಿಂದೆ ಬಾಗಿಲಲ್ಲಿ ನಿಂತವನನ್ನು ನೋಡಿದಳು. ಸುಲಿಯುವ ಬೆರಳು ಒಂದು ಕಾಯಿಯ ಅರ್ಧದಲ್ಲಿ ನಿಂತು, ಮತ್ತೆ ಮುಂದುವರಿದು ಆ ಕಾಯಿಯನ್ನು ಮುಗಿಸಿತು. "ಬಂದೆಯಾ" ಅಂದಳು. ಕೋರ್ಟಿನ ಬೆಂಚಿನ ಮೇಲೆ ದಿನವೆಲ್ಲ ಕೂತು ಕಲಿತ ಮುಖವನ್ನು ಅವಳು ಮರೆಯುವ ಹಾಗೇ ಇರಲಿಲ್ಲ. "ಕೂತ್ಕೋ. ಆ ಕುರ್ಚಿ ಬೇಡ, ಅದರ ಕಾಲು ಸರಿಯಿಲ್ಲ." ಅವನು ಮಂಚದ ಅಂಚಿನಲ್ಲಿ, ಬಟ್ಟೆ ಸುಕ್ಕಾಗದ ಹಾಗೆ, ಅರ್ಧ ಮಾತ್ರ ಕೂತ. ಮಗಳು ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಳು. ಈಗಲೂ ತಡೆಯಬಹುದು, ಒಂದು ಮಾತು ಸಾಕು ಎಂದುಕೊಂಡಳು, ತಡೆಯಲಿಲ್ಲ.

"ಅಮ್ಮ, ಅವತ್ತು ಕೋರ್ಟಲ್ಲಿ ನಾನು ನೆನಪಿಲ್ಲ ಅಂದೆ. ನೆನಪಿತ್ತು." ಅವನ ದನಿ ಒಣಗಿತ್ತು. "ನಿಮ್ಮ ಮಗ ಕೊನೆಯಲ್ಲಿ ದೇವರನ್ನ ಕರೆದ. ಸ್ವಾಮಿ, ನನ್ನನ್ನು ಸೇರಿಸಿಕೋ ಅಂದ."

ಹೇಳಿಬಿಟ್ಟ. ಹೇಳಿ, ಬೆಟ್ಟದಂಚಿನಿಂದ ಕಾಲು ಕಿತ್ತವನ ಹಾಗೆ ಕಣ್ಣು ಮುಚ್ಚಿಕೊಂಡ. ಅವಳು ಕಾದಿದ್ದ ಸುಖ ಬರಲಿಲ್ಲ. ಬೇಡಿದ್ದು ಕೈಗೆ ಬಂದಾಗ ಅದು ಇನ್ನೊಬ್ಬರ ಊಟದ ತಟ್ಟೆ ಎಂದು ತಿಳಿದಂತಾಯಿತು.

ಅಮ್ಮ ಮೊರವನ್ನು ಪಕ್ಕಕ್ಕಿಟ್ಟಳು. "ಯಾರು, ನನ್ನ ಮಗನಾ?" ಮೂಗಿನಲ್ಲೇ ಚಿಕ್ಕದಾಗಿ ನಕ್ಕಳು. "ಇದು ಚರ್ಚಿನ ಮಾತಪ್ಪ. ಅವನ ಬಾಯಲ್ಲಿ ಇದು ಹಿಡಿಸೋದೇ ಇಲ್ಲ. ಯಾರು ಹೇಳಿಕೊಟ್ಟಿದ್ದು ನಿನಗೆ?"

ಅವನು ಅಡಿಗೆಮನೆಯ ಬಾಗಿಲ ಕಡೆ ನೋಡಲಿಲ್ಲ. ಒಂದು ಸಲವೂ ನೋಡಲಿಲ್ಲ. "ನಾನೇ" ಅಂದ. "ನಿಮಗೆ ಸಮಾಧಾನ ಆಗಲಿ ಅಂತ ನಾನೇ."

ಇದು ಎರಡನೆಯ ಸುಳ್ಳು. ಇದನ್ನು ಅವಳು ಕೇಳಿರಲಿಲ್ಲ. ತನಗಾಗಿ ಅವನು ಇನ್ನೊಂದು ಹೆಜ್ಜೆ ಕೆಳಗಿಳಿದ ಎಂದು ತಿಳಿದಾಗ ಅವಳ ಕಿವಿ ಬಿಸಿಯಾಯಿತು. "ನಾನು ಹೇಳಿಸಿದ್ದಮ್ಮ" ಅಂದಳು.

"ಗೊತ್ತು ಕಣೇ." ಅಮ್ಮ ಅವಳ ಕಡೆ ತಿರುಗಲೂ ಇಲ್ಲ. "ನೀನು ಬಾಗಿಲಿಗೆ ಒರಗಿ ನಿಂತಾಗಲೇ ಗೊತ್ತಾಯ್ತು. ಸುಮ್ಮನಿರು ಈಗ." ಆಮೇಲೆ ಅವನಿಗೆ, "ನೀನು ಇದ್ದದ್ದು ಹೇಳು."

"ಬೇಡಮ್ಮ."

"ನಾನು ಹೆತ್ತವಳು. ನೀನು ಅವನಿಗೆ ಮಾಡಿದ್ದನ್ನೇ ಕೇಳಿ ತಡ್ಕೊಂಡಿದ್ದೀನಿ. ಅವನು ಅಂದಿದ್ದನ್ನ ತಡ್ಕೊಳ್ಳಲ್ವಾ?"

ಕೆಳಗೆ ಬೀದಿಯಲ್ಲಿ ಯಾರೋ ಗಾಡಿ ಚಾಲೂ ಮಾಡಲು ಒದೆಯುತ್ತಿದ್ದರು. ಅದು ಹತ್ತಿಕೊಂಡು ದೂರ ಹೋಗುವವರೆಗೂ ಅವನು ಕಾದ. "ನನಗೆ ಕುಡಿದದ್ದೆಲ್ಲ ಇಳಿದುಹೋಗಿತ್ತು. ಬಗ್ಗಿ ನೋಡಿದೆ. ಕಣ್ಣು ಬಿಟ್ಟಿದ್ದ. ಏಳೋಕೆ ನೋಡ್ತಿದ್ದ, ಕೈ ಊರೋದು, ಕೈ ಜಾರೋದು. ಏಳ್ತೀನಿ ತಾಳು ಅಂದ. ಎದ್ದು ಬಂದು ನಿನ್ನನ್ನ ವಿಚಾರಿಸ್ಕೋತೀನಿ ಅಂದ. ಅಷ್ಟೇ."

"ಅಷ್ಟೇ ಅಲ್ಲ. ಅವನ ಬಾಯಿ ನನಗೆ ಗೊತ್ತಿಲ್ವಾ? ಪೂರ್ತಿ ಹೇಳು."

"ಅಂಥ ಮಾತು ನಾನು ಈಗ ಆಡಲ್ಲಮ್ಮ."

"ಅದು ನಿನ್ನ ಮಾತಲ್ಲ. ನನ್ನ ಮಗನದು. ಅವನದನ್ನ ಇಟ್ಕೋಬೇಡ, ಕೊಡು."

ಅವನು ಅಂಗಿಯ ಮೇಲಿನ ಗುಂಡಿಯನ್ನು ಬಿಚ್ಚಿಕೊಂಡ. "ಏಳ್ತೀನಿ ತಾಳು ಬೋಳಿಮಗನೆ" ಅಂದ. "ಎದ್ದು ಬಂದು ನಿನ್ನನ್ನ ವಿಚಾರಿಸ್ಕೋತೀನಿ." ಆಮೇಲೆ ಯಾರೂ ಕೇಳದಿದ್ದರೂ, ಇಷ್ಟು ದಿನ ಯಾರಿಗೂ ಹೇಳದ್ದು ತಾನೇ ಹೊರಗೆ ಬರುವಂತೆ ಹೇಳುತ್ತ ಹೋದ. "ದೇವರು ಕ್ಷಮಿಸಿದ್ದಾನೆ ಅಂತ ಅಯ್ಯನವರು ಹೇಳ್ತಾರೆ. ನಾನು ನಂಬ್ತೀನಮ್ಮ. ನಂಬದೆ ನನಗೆ ಗತಿ ಇಲ್ಲ. ಆದರೆ ದೇವರಿಗೆ ನಾನು ಹೊಡೆದಿರಲಿಲ್ಲ. ಹೊಡೆಸಿಕೊಂಡವನು ಬಿಡಲ್ಲ ಅಂದಿದ್ದಾನೆ. ಅವನನ್ನ ಕೇಳದೆ ದೇವರು ನನ್ನನ್ನ ಹೇಗೆ ಒಳಗೆ ಬಿಟ್ಟ ಅಂತ ಜೈಲಲ್ಲಿ ದಿನಾ ಯೋಚನೆ ಬರೋದು. ಅಯ್ಯನವರನ್ನ ಕೇಳೋಕೆ ಧೈರ್ಯ ಆಗಲಿಲ್ಲ. ಕೇಳಿದ್ರೆ, ಬಿಟ್ಟಿರೋದನ್ನೂ ವಾಪಸು ತಗೋತಾರೇನೋ ಅಂತ."

ಅವಳ ಪ್ರಶ್ನೆ ಅದು. ತಾನೊಬ್ಬಳೇ ಇಷ್ಟು ವರ್ಷ ಹೊತ್ತುಕೊಂಡಿದ್ದೇನೆ ಎಂದುಕೊಂಡಿದ್ದ ಪ್ರಶ್ನೆ, ಅವನ ಬಾಯಲ್ಲಿ, ಅವನ ಹೆದರಿಕೆಯ ದನಿಯಲ್ಲಿ. ಕದ್ದ ಸಾಮಾನನ್ನು ಎದುರಿಗೇ ಇಟ್ಟುಕೊಂಡು ಕೂತವನನ್ನು ನೋಡುವ ಹಾಗೆ ನೋಡಿದಳು. ಅದು ಕದ್ದದ್ದಲ್ಲ, ಅವನದೂ ಹೌದು ಎಂದು ಒಪ್ಪಿಕೊಳ್ಳುವುದು ಕ್ಷಮಿಸುವುದಕ್ಕಿಂತ ಕಷ್ಟ ಅನ್ನಿಸಿತು.

ಅಮ್ಮನಿಗೆ ಆ ಕಡೆ ಗಮನವೇ ಇರಲಿಲ್ಲ. ಅವಳು ಮುಂದಕ್ಕೆ ಬಗ್ಗಿ, ಕೈಯನ್ನು ಕಿವಿಯ ಬಳಿ ಹಿಡಿದಿದ್ದಳು. "ಏಳ್ತೀನಿ ಅಂದನಾ?"

"ಹೂಂ."

"ಎದ್ದು ಬರ್ತೀನಿ ಅಂದನಾ? ಬಾಯಿಬಿಟ್ಟು?"

"ಅಂದನಮ್ಮ."

ಅಮ್ಮ ಹಿಂದಕ್ಕೆ ಒರಗಿದಳು. ಮುಖದ ಮೇಲೆ ಏನೋ ಮೆಲ್ಲಗೆ ಹರಡುತ್ತ ಹೋಯಿತು. ಅದು ನಂಬಿಕೆಯೋ, ಮುದುಕಿಯ ಹಟವೋ, ಬೇಕಾದ್ದಷ್ಟನ್ನೇ ಕೇಳಿಸಿಕೊಳ್ಳುವ ಕಿವಿಯ ಜಾಣತನವೋ ಅವಳಿಗೆ ತಿಳಿಯಲಿಲ್ಲ. "ಹಾಗಾದ್ರೆ ಬರ್ತಾನೆ" ಅಂದಳು ಅಮ್ಮ. "ಅಂದ ಮೇಲೆ ಬಿಡೋನಲ್ಲ ಅವನು. ನೀನು ಓಡಿಹೋಗಬೇಡ. ಅಲ್ಲಿ ಮೇಲೆ ದೇವರು ನಿನ್ನನ್ನ ಎಲ್ಲೇ ಕೂರಿಸಿರಲಿ, ಎದ್ದು ಬಂದು ಬಾಗಿಲ ಹತ್ತಿರ ನಿಂತಿರು. ಅವನು ವಿಚಾರಿಸಲಿ. ಪೂರ್ತಿ ವಿಚಾರಿಸಲಿ. ಮಧ್ಯದಲ್ಲಿ ದೇವರು ಬಂದ್ರೂ ತಾಳು ಅನ್ನು. ಅದು ಮುಗಿದ ಮೇಲೆ ಇಬ್ಬರೂ ಒಳಗೆ ಹೋಗಿ."

ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೆರಳುಗಳ ಸಂದಿಯಿಂದ "ನಿಲ್ತೀನಿ" ಅಂದದ್ದು ಕೇಳಿಸಿತು. ಅಮ್ಮ ಮೊರವನ್ನು ಮತ್ತೆ ಮಡಿಲಿಗೆಳೆದುಕೊಂಡಳು.

ಅವಳು ಬಾಗಿಲನ್ನು ಬಿಟ್ಟು ಕದಲಿರಲಿಲ್ಲ. ಅವಳ ತಲೆಯಲ್ಲಿ ಅಮ್ಮನ ಮಾತೂ ಇರಲಿಲ್ಲ, ದೇವರೂ ಇರಲಿಲ್ಲ. ಅವನು ಆ ವಾಕ್ಯ ಹೇಳಿದ ರೀತಿ ಇತ್ತು. ತಾಳು ಎನ್ನುವಾಗ ದನಿಯನ್ನು ಕೊನೆಯಲ್ಲಿ ಮೇಲಕ್ಕೆ ಎಳೆದು, ಸಣ್ಣದಾಗಿ ಕುಣಿಸಿ ಬಿಟ್ಟ ರೀತಿ. ಆ ಎಳೆತ ಈ ಮನುಷ್ಯನದಲ್ಲ. ಇವನ ಮಾತು ನೆಲಕ್ಕೆ ಒತ್ತಿ ನಡೆಯುವ ಮಾತು. ತಮ್ಮನ ಆ ಎಳೆತವನ್ನು ಅವಳು ಮನೆಯ ಮೂಲೆಮೂಲೆಯಲ್ಲಿ ಹುಡುಕಿ, ಫೋಟೋದ ಮುಚ್ಚಿದ ಬಾಯಿಯನ್ನು ನೋಡಿ ನೋಡಿ ಬಿಟ್ಟುಕೊಟ್ಟಿದ್ದಳು. ಮುಖ ಉಳಿಯಿತು, ದನಿ ಹೋಯಿತು ಎಂದು ಯಾರಿಗೂ ಹೇಳದೆ ಒಪ್ಪಿಕೊಂಡಿದ್ದಳು. ದನಿ ಹೋಗಿರಲಿಲ್ಲ. ದಿನಾ ಹೆದರುತ್ತ, ದಿನಾ ಕೇಳಿಸಿಕೊಳ್ಳುತ್ತ, ಒಂದು ಸ್ವರವೂ ತಪ್ಪದ ಹಾಗೆ ಈ ಒಬ್ಬ ಅದನ್ನು ಇಟ್ಟುಕೊಂಡಿದ್ದ. ಭೂಮಿಯ ಮೇಲೆ ಇನ್ನು ಯಾರ ಬಾಯಲ್ಲೂ ಅದು ಇರಲಿಲ್ಲ.

ಅವಳು ಹೋಗಿ ಬೀದಿಯ ಸದ್ದು ಬರದಂತೆ ಕಿಟಕಿ ಮುಚ್ಚಿದಳು. ಬಂದು ಅವನ ಎದುರಿಗೆ, ನೆಲದ ಮೇಲೆ, ಅವನ ಮುಖ ಕಾಣುವಷ್ಟು ಹತ್ತಿರ ಕೂತಳು. ಅವನು ಕೈ ತೆಗೆದು, ಇನ್ನೇನು ಕೇಳುತ್ತಾಳೋ ಎಂಬಂತೆ ಮೈ ಹಿಡಿಮಾಡಿಕೊಂಡು ನೋಡಿದ.

"ಇನ್ನೊಂದು ಸಲ ಹೇಳು" ಅಂದಳು. "ಅವನು ಹೇಳಿದ ಹಾಗೇ."